ಡೌನ್ ಸಿಂಡ್ರೋಮ್ ಇರುವ ಪುಟ್ಟ ಮಗುವಿಗೆ ಮಾತು ಕಲಿಸುವುದು: ಮನೆಯಲ್ಲಿ ಏನು ಮಾಡಬೇಕು, ಯಾವಾಗ ಶುರು ಮಾಡಬೇಕು

ನನ್ನ ಮಗಳಿಗೆ ಈಗ 6 ವರ್ಷ. ಅವಳು ಹುಟ್ಟಿದ ಮೂರನೇ ದಿನ ಡಾಕ್ಟರ್ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಡೌನ್ ಸಿಂಡ್ರೋಮ್ ಇರುವ ಹಾಗೆ ಕಾಣುತ್ತದೆ ಅಂದರು. ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆಯ ವರದಿ ಬಂತು. 21ನೇ ಕ್ರೋಮೋಸೋಮ್ ಎರಡು ಇರಬೇಕಾದ ಕಡೆ ಮೂರು ಇತ್ತು. ಹೃದಯ, ಥೈರಾಯ್ಡ್ ಅಂತ ಅವರು ಹೇಳಿದ್ದು ಯಾವುದೂ ಆವತ್ತು ನನ್ನ ತಲೆಗೆ ಹೋಗಲಿಲ್ಲ. ಇವಳು ನನ್ನನ್ನು ಅಮ್ಮ ಅಂತ ಕರೆಯುತ್ತಾಳಾ ಅನ್ನುವುದೊಂದೇ ಒಳಗೆ ಕೂತಿತ್ತು.

ಕರೆಯುತ್ತಾಳೆ. ದಿನಕ್ಕೆ ನೂರು ಸಲ ಕರೆಯುತ್ತಾಳೆ. ಆದರೆ ಅದಕ್ಕೂ ಮೊದಲು ನಾವು ಒಂದು ವರ್ಷ ಸುಮ್ನೆ ಕಳೆದುಕೊಂಡೆವು. ಅವಳಿಗೆ 5 ತಿಂಗಳಿದ್ದಾಗ ಒಂದು ಕ್ಲಿನಿಕ್‌ನಲ್ಲಿ, "ಮೂರು ವರ್ಷ ಆಗಲಿ ಬಿಡಮ್ಮ, ಅಷ್ಟೊತ್ತಿಗೂ ಮಾತು ಬರದಿದ್ರೆ ಥೆರಪಿ ನೋಡೋಣ" ಅಂದರು. ನಾವು ನಂಬಿದೆವು. ನಿಮ್ಮ ಮನೆಯಲ್ಲಿ ಈಗ ಇಂಥ ಕೂಸು ಇದ್ದರೆ ಆ ಒಂದು ವರ್ಷ ನಿಮಗಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನಾನು ಥೆರಪಿಸ್ಟ್ ಅಲ್ಲ. ಥೆರಪಿಸ್ಟ್‌ಗಳು ಕಲಿಸಿದ್ದನ್ನು ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಜಗಲಿಯಲ್ಲಿ ಮಾಡಿ ನೋಡಿದ ತಾಯಿ.

ಮೊದಲು ಕಿವಿ ತೋರಿಸಿ

ಮಾತಿನ ಯೋಚನೆಗೂ ಮೊದಲು ಕಿವಿ. ಈ ಮಕ್ಕಳ ಕಿವಿಯ ತೂತು ತುಂಬಾ ಸಣ್ಣದಿರುತ್ತದೆ, ಗುಗ್ಗೆ ಬೇಗ ಕಟ್ಟಿಕೊಳ್ಳುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಕಿವಿ ತಮಟೆಯ ಹಿಂದೆ ಅಂಟಂಟಾದ ನೀರು ನಿಲ್ಲುವುದು. ಇವರಲ್ಲಿ ಇದು ತುಂಬಾ ಸಾಮಾನ್ಯ. ಎಷ್ಟೋ ಸಲ ನೋವಿರುವುದಿಲ್ಲ, ಕಿವಿ ಸೋರುವುದಿಲ್ಲ, ಮಗು ಅಳುವುದೂ ಇಲ್ಲ. ಕಿವಿಗೆ ಹತ್ತಿ ತುರುಕಿದರೆ ಹೇಗೆ ಕೇಳಿಸುತ್ತದೋ ಹಾಗೆ ಕೇಳಿಸುತ್ತಿರುತ್ತದೆ ಅಷ್ಟೇ. ಪಾತ್ರೆ ಬಿದ್ದರೆ ಬೆಚ್ಚಿಬೀಳುತ್ತದೆ, ಅದನ್ನು ನೋಡಿ ಮನೆಯವರು ಕಿವಿ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಪಾತ್ರೆಯ ಸದ್ದು ಕೇಳಿಸಿದರೆ ಸಾಲದು, "ಹಾಲು" ಅಂದಾಗ ಅದರಲ್ಲಿರುವ ಮೆತ್ತನೆಯ "ಹ" ಕೂಡ ಕೇಳಿಸಬೇಕು, ಅಲ್ವಾ?

ನಮ್ಮ ಮಗಳು ಹುಟ್ಟಿದಾಗ ಮಾಡಿದ ಒಎಇ ಅನ್ನುವ ಕಿವಿ ಪರೀಕ್ಷೆಯಲ್ಲಿ ಪಾಸ್ ಆಗಿದ್ದಳು. ಆ ಕಾಗದ ಇದೆಯಲ್ಲ ಅಂತ ನಾವು ನಿಶ್ಚಿಂತೆಯಿಂದ ಇದ್ದೆವು. ಒಂದೂವರೆ ವರ್ಷಕ್ಕೆ ಇನ್ನೊಮ್ಮೆ ನೋಡಿದಾಗ ಎರಡೂ ಕಿವಿಯಲ್ಲಿ ನೀರು ನಿಂತಿತ್ತು. ಎಷ್ಟು ದಿನದಿಂದ ನಿಂತಿತ್ತೋ. ಹಾಗಾಗಿ ಹುಟ್ಟಿದಾಗಿನ ವರದಿ ಸಾಕು ಅಂದುಕೊಳ್ಳಬೇಡಿ. 6 ತಿಂಗಳಿಗೆ ಇನ್ನೊಮ್ಮೆ ಮಾಡಿಸಿ, ಆಮೇಲೆ ಒಂದೊಂದು ಕಿವಿಯನ್ನೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡುವಷ್ಟು ಮಗು ದೊಡ್ಡದಾಗುವವರೆಗೆ 6 ತಿಂಗಳಿಗೊಮ್ಮೆ, ಅದಾದ ಮೇಲೆ ವರ್ಷಕ್ಕೊಮ್ಮೆ. ತಮಟೆಯ ಹಿಂದೆ ನೀರಿದೆಯಾ ಅಂತ ನೋಡುವುದಕ್ಕೆ ಟಿಂಪನೋಮೆಟ್ರಿ ಅಂತಿದೆ, ಕೆಲವೇ ನಿಮಿಷದ ಕೆಲಸ. ಸದ್ದು ಕಿವಿಯಿಂದ ಮಿದುಳಿಗೆ ಮುಟ್ಟುತ್ತಿದೆಯಾ ಅಂತ ನೋಡುವ ಬೆರಾ ಪರೀಕ್ಷೆಯನ್ನು ಪುಟ್ಟ ಮಕ್ಕಳಿಗೆ ನಿದ್ದೆಯಲ್ಲಿ ಮಾಡುತ್ತಾರೆ. ಆ ದಿನ ಮಗುವನ್ನು ದಾರಿಯಲ್ಲಿ ಮಲಗಲು ಬಿಡಬೇಡಿ. ಬಸ್ಸಿನಲ್ಲಿ ಚೆನ್ನಾಗಿ ನಿದ್ದೆ ಮಾಡಿ ಅಲ್ಲಿ ಹೋಗಿ ಎದ್ದು ಕೂತರೆ ಇನ್ನೊಂದು ದಿನ ಬರಬೇಕಾಗುತ್ತದೆ. ನೀರು ನಿಂತಿದ್ದರೆ ಕೆಲವು ತಿಂಗಳು ಕಾದು ನೋಡುವುದೋ, ತಮಟೆಯಲ್ಲಿ ಗ್ರೋಮೆಟ್ ಅನ್ನುವ ಸಣ್ಣ ಕೊಳವೆ ಇಡುವುದೋ, ಸ್ವಲ್ಪ ಕಾಲ ಶ್ರವಣ ಯಂತ್ರ ಹಾಕುವುದೋ ಅಂತ ಇಎನ್‌ಟಿ ಡಾಕ್ಟರ್ ಹೇಳುತ್ತಾರೆ.

ಥೈರಾಯ್ಡ್ ಪರೀಕ್ಷೆಯೂ ವರ್ಷ ವರ್ಷ ಆಗಬೇಕು, ಅದು ಕಡಿಮೆಯಾದರೆ ಮಗು ಎಲ್ಲದರಲ್ಲೂ ನಿಧಾನವಾಗುತ್ತದೆ. ಕಣ್ಣನ್ನೂ ತೋರಿಸಿ. ಈ ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಕಣ್ಣಿಂದ ಕಲಿಯುವುದು ಜಾಸ್ತಿ. ಮುಂದೆ ಹೇಳುವ ಅರ್ಧ ವಿಷಯ ಇದರ ಮೇಲೇ ನಿಂತಿದೆ.

ಬಾಯಿ ಮತ್ತು ಊಟ

ನಾಲಿಗೆ ದಪ್ಪ, ಅದಕ್ಕೇ ಮಾತು ಬರುವುದಿಲ್ಲ ಅಂತ ಬಂದವರೆಲ್ಲ ಹೇಳುತ್ತಾರೆ. ನಿಜ ಏನೆಂದರೆ ಬಾಯಿಯ ಒಳಗಿನ ಜಾಗ ಚಿಕ್ಕದು, ಅಂಗುಳ ಕಿರಿದು, ಮೇಲಾಗಿ ಮೈಯ ಎಲ್ಲಾ ಸ್ನಾಯುಗಳ ಥರ ತುಟಿ, ಕೆನ್ನೆ, ನಾಲಿಗೆಯ ಸ್ನಾಯುಗಳೂ ಸಡಿಲ. ಅದಕ್ಕೇ ನಾಲಿಗೆ ಹೊರಗೆ ಬರುತ್ತದೆ. "ನಾಲಿಗೆ ಒಳಗೆ ಹಾಕು" ಅಂತ ಗದರಿಸಿ ಪ್ರಯೋಜನವಿಲ್ಲ. ಮೂಗು ಯಾವಾಗಲೂ ಕಟ್ಟಿರುತ್ತದಾ, ರಾತ್ರಿ ಗೊರಕೆ ಹೊಡೆಯುತ್ತದಾ ಅಂತ ಗಮನಿಸಿ ಡಾಕ್ಟರಿಗೆ ಹೇಳಿ. ಮೂಗಲ್ಲಿ ಉಸಿರಾಡಲು ಆಗದ ಮಗು ಬಾಯಿ ಮುಚ್ಚುವುದು ಹೇಗೆ?

ಹಾಲು ಕುಡಿಸುವಾಗ ಮಗುವನ್ನು ಮಲಗಿಸಬೇಡಿ. ನಮ್ಮ ಕಡೆ ಒಳಲೆಯಲ್ಲಿ ಹಾಲು ಹಾಕುವುದು ರೂಢಿ, ಕಾಲ ಮೇಲೆ ಮಲಗಿಸಿಕೊಂಡು ಗಂಟಲಿಗೇ ಸುರಿಯುತ್ತಾರೆ. ಈ ಮಕ್ಕಳಿಗೆ ಅದು ಬೇಡ. ತಲೆ ಎತ್ತರಕ್ಕಿರಲಿ, ಒಂದೊಂದು ಗುಟುಕು ನುಂಗಿದ ಮೇಲೆ ಇನ್ನೊಂದು. ಕುಡಿಯುವಾಗ ಪ್ರತಿ ಸಲ ಕೆಮ್ಮು ಬರುವುದು, ಮತ್ತೆ ಮತ್ತೆ ನ್ಯುಮೋನಿಯಾ ಆಗುವುದು ಇದ್ದರೆ ತಡ ಮಾಡದೆ ತೋರಿಸಿ, ಹಾಲು ಶ್ವಾಸಕೋಶಕ್ಕೆ ಹೋಗುತ್ತಿರಬಹುದು. ನುಂಗುವ ತೊಂದರೆ ನೋಡುವವರೂ ಸ್ಪೀಚ್ ಥೆರಪಿಸ್ಟ್‌ಗಳೇ. ಇದು ನನಗೆ ಗೊತ್ತಿರಲಿಲ್ಲ. ಮಾತು ಬಂದ ಮೇಲೆ ಅದನ್ನು ತಿದ್ದುವುದಷ್ಟೇ ಅವರ ಕೆಲಸ ಅಂದುಕೊಂಡಿದ್ದೆ.

6 ತಿಂಗಳಾದ ಮೇಲೆ ರಾಗಿ ಸರಿ ಶುರು ಮಾಡುತ್ತೇವಲ್ಲ, ಅದರಲ್ಲೇ ಎರಡು ವರ್ಷ ನಿಲ್ಲಬೇಡಿ. ಥೆರಪಿಸ್ಟ್ ಹತ್ತಿರ ಕೇಳಿಕೊಂಡು ನಿಧಾನಕ್ಕೆ ಗಟ್ಟಿ ಮಾಡುತ್ತಾ ಹೋಗಿ. ಹಾಸನ, ಮಂಡ್ಯ ಕಡೆಯವರಿಗೆ ಒಂದು ಮಾತು: ಮುದ್ದೆ ಒಳ್ಳೆಯದೇ, ಆದರೆ ಮುದ್ದೆಯನ್ನು ನುಂಗುತ್ತೇವೆ, ಅಗಿಯುವುದಿಲ್ಲ. ಅಗಿಯುವುದು ಕಲಿಯಬೇಕಾದರೆ ಮೆತ್ತಗಿನ ದೋಸೆ, ಬೇಯಿಸಿದ ಕ್ಯಾರೆಟ್ ಸಣ್ಣ ತುಂಡು, ಇಂಥದ್ದು ಬೇಕು. ಕಡಲೆಬೀಜ, ಇಡೀ ದ್ರಾಕ್ಷಿ ಪುಟ್ಟ ಮಕ್ಕಳ ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಿಪ್ಪಲ್ ಬಾಟಲಿ ಬಿಡಿಸಿ ಲೋಟ, ಸ್ಟ್ರಾ ಅಭ್ಯಾಸ ಮಾಡಿಸಿ.

ಇಷ್ಟೆಲ್ಲ ಊಟಕ್ಕೆ. ಪೀಪಿ ಊದಿಸುವುದು, ಬಲೂನು ಊದಿಸುವುದು, ನಾಲಿಗೆಗೆ ಬ್ರಷ್ ಉಜ್ಜುವುದು ಇವುಗಳಿಂದಲೇ ಮಾತು ಬರುತ್ತದೆ ಅಂತ ಯಾರಾದರೂ ಹೇಳಿದರೆ ದುಡ್ಡು ಕೊಡುವ ಮೊದಲು ಯೋಚನೆ ಮಾಡಿ. ಮಾತು ಕಲಿಯುವುದು ಮಾತಾಡಿ. ಪೀಪಿ ಆಟವಾಗಿ ಇರಲಿ, ಬೇಡ ಅನ್ನುವುದಿಲ್ಲ. ಬಜೆ ತೇಯ್ದು ನಾಲಿಗೆಗೆ ಹಚ್ಚುವುದನ್ನೂ ನಮ್ಮ ಮನೆಯಲ್ಲಿ ಹೇಳಿದರು. ಡಾಕ್ಟರನ್ನು ಕೇಳದೆ ಕೂಸಿನ ಬಾಯಿಗೆ ಏನನ್ನೂ ಹಾಕಬೇಡಿ.

ಪದ ಬರುವ ಮೊದಲಿನ ಮಾತು

ಎಷ್ಟೋ ಜನಕ್ಕೆ ಅರ್ಥವಾಗದ್ದು ಇದು. ಮೊದಲ ಪದ ಬರುವುದಕ್ಕೂ ಎಷ್ಟೋ ಮೊದಲು ಮಗು ಮಾತುಕತೆ ಕಲಿಯುತ್ತಿರುತ್ತದೆ. ಮುಖ ನೋಡುವುದು, ನಗುವುದು, ನೀವು ನಕ್ಕ ಮೇಲೆ ತಾನು ನಗುವುದು, ನೀವು ಬೆರಳು ತೋರಿಸಿದ ಕಡೆ ನೋಡುವುದು. ನನ್ನ ಸರದಿ, ನಿನ್ನ ಸರದಿ ಅನ್ನುವ ಲೆಕ್ಕ ಅದು. ಹಾಗಾಗಿ ಎರಡನೇ ತಿಂಗಳಿಂದಲೇ ಶುರು ಮಾಡಬಹುದು. ಮಗುವಿನ ಮುಖದಿಂದ ಒಂದು ಗೇಣು ದೂರದಲ್ಲಿ ನಿಮ್ಮ ಮುಖ ಇಟ್ಟುಕೊಳ್ಳಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಅದು "ಊ" ಅಂದರೆ ನೀವೂ "ಊ" ಅನ್ನಿ. ಅಂದು ಸುಮ್ಮನಾಗಿ.

ಆ ಸುಮ್ಮನಾಗುವುದೇ ಕಷ್ಟ. ನನಗೆ ಅದು ಬರಲೇ ಇಲ್ಲ. ನಮ್ಮ ಥೆರಪಿಸ್ಟ್ ಒಂದು ದಿನ ನಾನು ಮಗಳ ಜೊತೆ ಆಡುವುದನ್ನು ಮೊಬೈಲಲ್ಲಿ ವಿಡಿಯೋ ಮಾಡಿ ತೋರಿಸಿದರು. "ಇದೇನು? ಚೆಂಡು. ಚೆಂಡು ಬೇಕಾ? ಚೆಂಡು ಹೇಳು. ಹೇಳು ಪುಟ್ಟಾ. ಬೇಡ್ವಾ? ಗೊಂಬೆ ಬೇಕಾ?" ಇಷ್ಟನ್ನೂ ನಾನು ಒಂದೇ ಉಸಿರಿನಲ್ಲಿ ಹೇಳಿದ್ದೆ. ಮಗಳು ಎರಡು ಸಲ ಬಾಯಿ ತೆರೆದಿದ್ದಳು, ಎರಡು ಸಲವೂ ನನ್ನ ಮಾತು ಅಡ್ಡ ಬಂದಿತ್ತು. ನೋಡಿ ಅತ್ತುಬಿಟ್ಟೆ. ಈ ಮಕ್ಕಳಿಗೆ ಕೇಳಿದ್ದನ್ನು ಅರ್ಥ ಮಾಡಿಕೊಂಡು, ಉತ್ತರ ಹುಡುಕಿ, ಬಾಯಿ ಅಲ್ಲಾಡಿಸುವುದಕ್ಕೆ ಜಾಸ್ತಿ ಹೊತ್ತು ಬೇಕು. ಒಂದು ಮಾತು ಹೇಳಿ, ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ಮಗುವಿನ ಮುಖ ನೋಡುತ್ತಾ, ಬರುತ್ತದೆ ಅನ್ನುವ ನಂಬಿಕೆ ಮುಖದಲ್ಲಿ ಇಟ್ಟುಕೊಂಡು ಕಾಯಿರಿ. ಅದು ಕಣ್ಣಲ್ಲಿ ತೋರಿಸಿದರೂ, ಕೈ ಚಾಚಿದರೂ, "ಆ" ಅಂದರೂ ಉತ್ತರವೇ. ತಕ್ಷಣ ಕೊಡಿ. ಸರಿಯಾಗಿ ಹೇಳಿದರೆ ಮಾತ್ರ ಕೊಡುತ್ತೇನೆ ಅಂತ ಸತಾಯಿಸಬೇಡಿ.

ಇನ್ನೊಂದು ವಿಷಯ. ಮನೆಯಲ್ಲಿ ಅಜ್ಜಿ ತಾತ ಇದ್ದರೆ ಮಗುವಿಗೆ ಕೇಳುವ ಅವಕಾಶವೇ ಇರುವುದಿಲ್ಲ. ಬಾಯಾರಿಕೆ ಆಗುವ ಮೊದಲೇ ನೀರು, ಹಸಿವಾಗುವ ಮೊದಲೇ ಊಟ. ಪ್ರೀತಿಯಿಂದಲೇ ಮಾಡುವುದು, ಆದರೆ ಕೇಳುವ ಅಗತ್ಯ ಬಿದ್ದರೆ ತಾನೇ ಮಗು ಕೇಳುವುದು? ನಾವು ಬಾಳೆಹಣ್ಣಿನ ತುಂಡುಗಳನ್ನು ಕಾಣುವಂಥ ಡಬ್ಬಿಯಲ್ಲಿ ಹಾಕಿ, ಮುಚ್ಚಳ ಬಿಗಿಯಾಗಿ ಮುಚ್ಚಿ, ಅವಳ ಕೈಗೆ ಕೊಡುತ್ತಿದ್ದೆವು. ತೆಗೆಯಲು ಆಗದೆ ನಮ್ಮ ಕಡೆ ನೋಡುತ್ತಿದ್ದಳು. "ತೆಗೆ?" ಅಂತ ಒಂದೇ ಪದ ಹೇಳಿ, ತೆಗೆದು, ಒಂದೇ ತುಂಡು ಕೊಟ್ಟು, ಮತ್ತೆ ಮುಚ್ಚುವುದು. ಒಂದು ಬಾಳೆಹಣ್ಣಲ್ಲಿ "ತೆಗೆ" ಅನ್ನುವ ಮಾತು ಹತ್ತು ಸಲ ಆಗುತ್ತದೆ.

ಮೊಬೈಲಿನ ಮಕ್ಕಳ ಹಾಡುಗಳ ವಿಡಿಯೋ ಇದನ್ನು ಮಾಡುವುದಿಲ್ಲ. ಅದು ಮಗುವಿಗಾಗಿ ಕಾಯುವುದಿಲ್ಲ.

ಕೈಸನ್ನೆ

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ಅರ್ಥವಾಗುವುದು ಮುಂದೆ ಓಡುತ್ತಿರುತ್ತದೆ, ಬಾಯಿ ಹಿಂದೆ ಬರುತ್ತಿರುತ್ತದೆ. ಆ ನಡುವಿನ ಅಂತರದಲ್ಲೇ ಸಿಟ್ಟು, ಕಿರುಚಾಟ, ತಟ್ಟೆ ಎಸೆಯುವುದು ಎಲ್ಲ. ಅದನ್ನು ತುಂಬುವುದು ಕೈಸನ್ನೆ. 8–9 ತಿಂಗಳಿಂದ ಶುರು ಮಾಡಬಹುದು. ಸನ್ನೆ ಮಾಡುವಾಗ ಪದವನ್ನೂ ಬಾಯಲ್ಲಿ ಹೇಳಲೇಬೇಕು, ಬರೀ ಕೈ ಆಡಿಸಬಾರದು. ಐದು ಬೆರಳು ಸೇರಿಸಿ ಬಾಯಿಗೆ ಇಟ್ಟರೆ ಊಟ. ಹೆಬ್ಬೆರಳು ಬಾಯಿಗೆ ಎತ್ತಿದರೆ ನೀರು. ಅಂಗೈ ಅಡ್ಡ ತೋರಿಸಿದರೆ ಸಾಕು. ಬೆರಳುಗಳಿಂದ ಕರೆದರೆ ಬಾ. ಒಂದು ಬೆರಳನ್ನು ಇನ್ನೊಂದು ಅಂಗೈಗೆ ತಟ್ಟಿದರೆ ಇನ್ನೂ ಬೇಕು. ನಾಲ್ಕೈದರಿಂದ ಶುರು ಮಾಡಿ, ಮನೆಯವರೆಲ್ಲ ಒಂದೇ ಸನ್ನೆ ಮಾಡಲಿ. ಅಪ್ಪ ಒಂದು ಥರ, ಚಿಕ್ಕಮ್ಮ ಇನ್ನೊಂದು ಥರ ಮಾಡಿದರೆ ಮಗುವಿಗೆ ಗೊಂದಲ.

ನಮ್ಮ ಅತ್ತೆ ಮೊದಲು ಒಪ್ಪಲಿಲ್ಲ. "ಏನಮ್ಮ ಇದು, ಕೈಸನ್ನೆ ಕಲಿಸಿದ್ರೆ ಮಗು ಮಾತಾಡೋದೇ ಮರೆತುಬಿಡುತ್ತೆ" ಅಂದರು. ಈ ಭಯ ಎಲ್ಲರ ಮನೆಯಲ್ಲೂ ಇದೆ. ಆದರೆ ಸನ್ನೆ ಮಾತನ್ನು ತಡೆಯುವುದಿಲ್ಲ, ಮಾತಿಗೆ ಊರುಗೋಲಾಗುತ್ತದೆ. ಬಾಯಲ್ಲಿ ಪದ ಸರಿಯಾಗಿ ಬಂದ ಮೇಲೆ ಮಗು ತಾನೇ ಸನ್ನೆ ಬಿಡುತ್ತದೆ, ಯಾಕೆಂದರೆ ಮಾತೇ ಸುಲಭ. ಮಗಳು ಅತ್ತೆಯ ಕಡೆ ತಿರುಗಿ ಮೊದಲ ಸಲ "ಇನ್ನೂ" ಅಂತ ಬೆರಳು ತಟ್ಟಿದ ದಿನ ಅವರು ಇನ್ನೆರಡು ತುತ್ತು ತಿನ್ನಿಸಿ, ಸಂಜೆ ದೇವರಿಗೆ ಹೂ ಇಡುವಾಗ ಮೂಗಿನ ಹತ್ತಿರ ಬೆರಳು ತಂದು "ಹೂ" ಅಂತ ತಾವೇ ಹೊಸ ಸನ್ನೆ ಕಲಿಸಿದರು.

ಯಾವ ಪದ ಮೊದಲು

ಇಲ್ಲಿ ಕನ್ನಡ ನಮಗೆ ತುಂಬಾ ಸಹಾಯ ಮಾಡುತ್ತದೆ. ಬಾ, ತಾ, ಹೂ, ಕೈ ಇವೆಲ್ಲ ಒಂದೇ ಅಕ್ಷರದ ಪೂರ್ತಿ ಪದಗಳು. ಅಮ್ಮ, ಅಪ್ಪ, ಪಾಪು, ಮಾಮ, ಬೇಡ ಇವುಗಳಲ್ಲಿ ತುಟಿ ಸೇರುವುದು ಕಣ್ಣಿಗೆ ಕಾಣುತ್ತದೆ, ಕಣ್ಣಿಂದ ಕಲಿಯುವ ಮಗುವಿಗೆ ಅದು ಸುಲಭ. ದಿನದಲ್ಲಿ ಹತ್ತಾರು ಸಲ ಬೇಕಾಗುವ ಪದ ಆರಿಸಿಕೊಳ್ಳಿ. ಬಣ್ಣದ ಹೆಸರು, ಒಂದು ಎರಡು ಮೂರು ಈಗಲೇ ಬೇಡ. "ಬೇಡ" ಅನ್ನುವುದನ್ನು ತಪ್ಪದೆ ಕಲಿಸಿ. ಬೇಡ ಅನ್ನಲು ಬಂದ ಮಗು ತಟ್ಟೆ ಎಸೆಯುವುದು ಕಡಿಮೆ ಮಾಡುತ್ತದೆ. ತಾಚಿ, ಬೌಬೌ, ಅಂಬಾ, ಟಾಟಾ ಥರದ ಮಕ್ಕಳ ಮಾತೂ ನಿಜವಾದ ಪದವೇ, ಅವನ್ನು ಕೀಳಾಗಿ ನೋಡಬೇಡಿ.

ಕೂರಿಸಿಕೊಂಡು ಪಾಠ ಮಾಡುವುದು ಬೇಡ. ಸ್ನಾನದ ಹೊತ್ತಿಗೆ ನೀರು, ಕೈ, ಕಾಲು. ಕಸ ಗುಡಿಸುವಾಗ ಬಿತ್ತು, ತೆಗೆ. ಹಸು ಹಾಲು ಕರೆಯುವಾಗ ಅಂಬಾ, ಹಾಲು. ನೀವು ಚಿಕ್ಕದಾಗಿ ಮಾತಾಡಿ. "ಬಾರೋ ಕಂದ ನಿನಗೆ ಬಿಸಿ ಬಿಸಿ ಹಾಲು ಕೊಡ್ತೀನಿ" ಅನ್ನುವ ಬದಲು ಲೋಟ ಕೆನ್ನೆಯ ಹತ್ತಿರ ಹಿಡಿದು "ಹಾಲು. ಬಿಸಿ ಹಾಲು." ಲೋಟ ಮುಖದ ಪಕ್ಕದಲ್ಲಿದ್ದರೆ ಮಗು ಲೋಟವನ್ನೂ ನೋಡುತ್ತದೆ, ತುಟಿಯನ್ನೂ ನೋಡುತ್ತದೆ.

ಭಾಷೆ ನಿಮ್ಮದೇ ಇರಲಿ. ಮುಂದೆ ಶಾಲೆಗೆ ಬೇಕು ಅಂತ ಮನೆಯಲ್ಲಿ ಇಂಗ್ಲಿಷ್ ಶುರು ಮಾಡುವವರಿದ್ದಾರೆ, ಅಪ್ಪ ಅಮ್ಮನಿಗೇ ಅದರಲ್ಲಿ ಲಾಲಿ ಹಾಡಲು ಬರುವುದಿಲ್ಲ. ಅಮ್ಮ ತುಳು, ಅಪ್ಪ ಕನ್ನಡ ಆಡುವ ಮನೆಯಾದರೂ ಹೆದರಬೇಡಿ, ಈ ಮಕ್ಕಳೂ ಎರಡು ಭಾಷೆ ಕಲಿಯುತ್ತಾರೆ.

ಮೊದಲ ಪದ ಯಾವಾಗ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಒಂದೂವರೆಗೆ, ಕೆಲವರಿಗೆ ಮೂರು ದಾಟಿದ ಮೇಲೆ. ನಮ್ಮವಳಿಗೆ ಎರಡು ವರ್ಷ ನಾಲ್ಕು ತಿಂಗಳಲ್ಲಿ "ಬಾ" ಬಂತು, ಅದೂ ನನಗಲ್ಲ, ಅಂಗಳದ ಕೋಳಿಗೆ. "ಅಮ್ಮ" ಬರುವ ಹೊತ್ತಿಗೆ ಮೂರು ಹತ್ತಿರ. ಆದರೆ ಬಂದ ಪದ ಹೋಗಿಬಿಟ್ಟರೆ, ಆಡುತ್ತಿದ್ದ ಮಗು ಸುಮ್ಮನಾದರೆ, ಕಾಯಬೇಡಿ. ಕಿವಿ, ಥೈರಾಯ್ಡ್ ಎರಡನ್ನೂ ಮತ್ತೆ ನೋಡಿಸಿ, ಡಾಕ್ಟರಿಗೆ ಹೇಳಿ.

ಒಂದು ಪದದಿಂದ ಎರಡಕ್ಕೆ

ಮಗು "ಹಾಲು" ಅಂದರೆ ನೀವು "ಹಾಲು ಬೇಕು" ಅನ್ನಿ. "ಅಜ್ಜಿ" ಅಂದರೆ "ಅಜ್ಜಿ ಬಂದ್ರು". ಒಂದೇ ಒಂದು ಪದ ಸೇರಿಸಿ, ತಪ್ಪು ಅಂತ ತಿದ್ದಬೇಡಿ. ಹಳೇ ಬಟ್ಟೆಯ ಪಟ್ಟಿಗೆ ಎರಡು ದೊಡ್ಡ ಗುಂಡಿ ಹೊಲಿದುಕೊಳ್ಳಿ. ಒಂದು ಗುಂಡಿ ಮುಟ್ಟಿ "ಅಮ್ಮ", ಇನ್ನೊಂದು ಮುಟ್ಟಿ "ಬಾ". ಎರಡನೇ ಪದ ನುಂಗಿಹೋಗುವುದು ಇದರಿಂದ ಕಡಿಮೆಯಾಯಿತು. ಕೇಳಿದ್ದನ್ನು ಮನಸ್ಸಲ್ಲಿ ಹಿಡಿದಿಟ್ಟುಕೊಳ್ಳುವುದು ಈ ಮಕ್ಕಳಿಗೆ ಕಷ್ಟ. ಗುಂಡಿ ಕಣ್ಣ ಮುಂದೆಯೇ ಇರುತ್ತದೆ.

ಇದೇ ಕಾರಣಕ್ಕೆ ಓದುವುದನ್ನೂ ಬೇಗ ಶುರು ಮಾಡಿ. ಮನೆಯವರ ಫೋಟೋ ಪ್ರಿಂಟ್ ಹಾಕಿಸಿ ಕೆಳಗೆ ದಪ್ಪ ಅಕ್ಷರದಲ್ಲಿ ಅಪ್ಪ, ಅಜ್ಜಿ, ಹಸು ಅಂತ ಬರೆಯಿರಿ. ಅ ಆ ಇ ಈ ಎಲ್ಲ ಮುಗಿಯಲಿ ಅಂತ ಕಾಯುವುದು ಬೇಡ, ಪದವನ್ನು ಇಡಿಯಾಗಿ ತೋರಿಸಿ. ಮಗಳು ಬಾಯಲ್ಲಿ "ಆಪ" ಅನ್ನುತ್ತಿದ್ದ ಕಾಲದಲ್ಲೇ ಅಪ್ಪ ಅಂತ ಬರೆದ ಚೀಟಿಯನ್ನು ಅಪ್ಪನ ಫೋಟೋದ ಮೇಲೆ ಇಡುತ್ತಿದ್ದಳು.

ಎಲ್ಲಿ ಹೋಗಬೇಕು

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಎಲ್ಲರೂ ಆಯಿಷ್ ಅನ್ನುವುದು. ಕೇಂದ್ರ ಸರ್ಕಾರದ್ದು. ಕಿವಿ ಪರೀಕ್ಷೆ, ಥೆರಪಿ ಎರಡೂ ಅಲ್ಲೇ ಆಗುತ್ತದೆ. ದೂರದವರು ಮೊದಲು ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ನೋಡಿ ಥೆರಪಿ ಕೊಡುವ ಕೇಂದ್ರ, ಎಲ್ಲಿದೆ ಅಂತ ಕೇಳಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಬರುವ ಕೇಂದ್ರ ಅದು, ಅದರ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಗೋ ಅಂಗನವಾಡಿ ಟೀಚರಿಗೋ ಹೇಳಿದರೆ ದಾರಿ ತೋರಿಸುತ್ತಾರೆ. ಖಾಸಗಿ ಥೆರಪಿಸ್ಟ್ ಹತ್ತಿರ ಹೋಗುವುದಾದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಅಂತ ಸಂಕೋಚವಿಲ್ಲದೆ ಕೇಳಿ. ಅಂಗವೈಕಲ್ಯ ಪ್ರಮಾಣ ಪತ್ರ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಆದ ಮೇಲೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಬಹುದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚೂ ಅದರಲ್ಲಿ ಸೇರುತ್ತದೆ.

ಥೆರಪಿ ಕೋಣೆಯ ಒಳಗೆ ನೀವೂ ಕೂರಬೇಕು ಅಂತ ಹಟ ಹಿಡಿಯಿರಿ. ಬಾಗಿಲು ಹಾಕಿಕೊಂಡು ಮುಕ್ಕಾಲು ಗಂಟೆ ಆದ ಮೇಲೆ ಮಗುವನ್ನು ವಾಪಸ್ ಕೊಡುವ ಕಡೆ ನಾವೂ ಸ್ವಲ್ಪ ದಿನ ಹೋದೆವು, ಅಲ್ಲಿ ಏನು ನಡೆಯಿತು ಅಂತ ನನಗೆ ಗೊತ್ತಾಗದಿದ್ದರೆ ವಾರದ ಉಳಿದ ಆರು ದಿನ ಮನೆಯಲ್ಲಿ ನಾನು ಏನು ಮಾಡಲಿ? ಪ್ರತಿ ಸಲ ಹೊರಡುವ ಮೊದಲು "ಈ ವಾರ ಮನೆಯಲ್ಲಿ ಏನು ಮಾಡ್ಲಿ?" ಅಂತ ಕೇಳಿ ಬರೆದುಕೊಳ್ಳಿ. ಎರಡೋ ಮೂರೋ ಸಾಕು, ಇಪ್ಪತ್ತು ಬೇಡ.

ಒಂದು ನೋಟ್‌ಬುಕ್ ಇಡಿ. ತಾರೀಖು, ಪದ, ಮಗು ಅದನ್ನು ಹೇಗೆ ಹೇಳುತ್ತದೆ, ಸನ್ನೆ ಇದ್ದರೆ ಅದು. ನಮ್ಮ ಪುಸ್ತಕದಲ್ಲಿ ನೀರು ಅಂದರೆ "ನೀಯಿ", ಬಾಳೆಹಣ್ಣು ಅಂದರೆ "ಬಾಣು", ಉಚ್ಚೆ ಅಂದರೆ ಹೊಟ್ಟೆ ತಟ್ಟುವುದು. ಅಂಗನವಾಡಿಗೆ ಸೇರಿಸಿದ ದಿನ ಅದರ ಎರಡು ಹಾಳೆ ನಕಲು ಮಾಡಿ ಟೀಚರಿಗೆ ಕೊಟ್ಟೆ. ಅವರು ಗೋಡೆಗೆ ಅಂಟಿಸಿಕೊಂಡರು. ಮಧ್ಯಾಹ್ನ ಕರೆದುಕೊಂಡು ಬರಲು ಹೋದಾಗ ಅವಳು "ನೀಯಿ" ಅಂದಳು, ಪಕ್ಕದಲ್ಲಿ ಕೂತಿದ್ದ ಹುಡುಗ ಯಾರೂ ಹೇಳದೆ ಎದ್ದುಹೋಗಿ ಲೋಟ ತಂದ.